ಫಿನಾಯಿಲಕ್ಕನ ನಲವತ್ತೆರಡು ಬಾಟಲಿ

ಬೆಳಗಿನ ಆರು ಹೊಡೆಯಲು ಇನ್ನೂ ಹತ್ತು ನಿಮಿಷ ಬಾಕಿ. ಸಿದ್ಧ ಉಡುಪು ಕಾರ್ಖಾನೆಯ ಹಿಂಬದಿಯಲ್ಲಿ ತಗಡಿನ ಬಾಗಿಲೊಂದು ಕಿರುಗುಟ್ಟಿ ತೆರೆದುಕೊಳ್ಳುತ್ತದೆ. ತಲೆಗೆ ಬಟ್ಟೆ ಬಿಗಿದುಕೊಂಡ ಐವತ್ತನಾಲ್ಕರ ಹೆಂಗಸೊಬ್ಬಳು ಒಳಗೆ ಬಂದು ದೀಪ ಹಾಕುತ್ತಾಳೆ. ಎದುರಿಗೆ ಹನ್ನೊಂದು ಶೌಚಾಲಯಗಳ ಸಾಲು. ಎರಡನೆಯದರ ಬಾಗಿಲಿಗೆ ಅಗುಳಿಯಿಲ್ಲ, ಒಂಬತ್ತನೆಯದರ ನಲ್ಲಿಯಲ್ಲಿ ವರ್ಷದಿಂದ ಹನಿ ನೀರಿಲ್ಲ. ಆ ಸಾಲಿನ ಮುಂದೆ ಆಕೆ ಕಣ್ಣು ಮುಚ್ಚಿ ಒಂದು ಗಳಿಗೆ ನಿಲ್ಲುತ್ತಾಳೆ. ತುಟಿಗಳು ಸದ್ದಿಲ್ಲದೆ ಅಲ್ಲಾಡುತ್ತವೆ.

ಏನು ಬೇಡಿಕೊಂಡಿರಿ ಎಂದು ಕೇಳಿದರೆ ನಗುತ್ತಾಳೆ. "ಟ್ಯಾಂಕಿಗೆ ನೀರು ಬಂದಿರ್ಲಿ ಅಂತ. ಅಷ್ಟು ಅವನು ನೋಡ್ಕೊಂಡ್ರೆ ಮಿಕ್ಕಿದ್ದು ನಾನು ನೋಡ್ಕೋತೀನಿ."

ರಬ್ಬರ್ ಬೂಟಿಗೆ ಕಾಲು ತೂರಿಸಿ, ಎರಡು ಬಕೆಟ್ ಹಿಡಿದು ಹೊರಡುತ್ತಾಳೆ. ನಲ್ಲಿಗಳಿಗೆ ನೀರು ಬಿಡುವುದು ಎಂಟರ ಮೇಲೆ, ಅದೂ ಸ್ವಲ್ಪ ಹೊತ್ತು; ಟ್ಯಾಂಕಿಗೂ ಈ ಸಾಲಿಗೂ ಅರವತ್ತು ಹೆಜ್ಜೆ. ದಿನಕ್ಕೆ ನಲವತ್ತು ಬಕೆಟ್, ಸೆಖೆಗಾಲದಲ್ಲಿ ಐವತ್ತು. ಎಂಟಕ್ಕೆ ಗಂಟೆ ಹೊಡೆದರೆ ಆರುನೂರ ನಲವತ್ತು ಹೆಂಗಸರು ಮಿಷನ್ನುಗಳ ಮುಂದೆ ಕೂರುತ್ತಾರೆ. ಅಷ್ಟರೊಳಗೆ ಹನ್ನೊಂದೂ ತೊಳೆದು ಒಣಗಿರಬೇಕು. ಆಕೆ ಉಜ್ಜುವುದನ್ನು ನೋಡುತ್ತಾ ನಿಂತರೆ, ಜಪಕ್ಕೆ ಕುಳಿತವರ ತಾಳ್ಮೆ ಕಾಣುತ್ತದೆ. ಮೂಲೆ ಬಿಡುವುದಿಲ್ಲ. ಅವಸರವಿಲ್ಲ. ಯಾರೋ ನೋಡಲಿ ಎಂಬ ಆಸೆಯಂತೂ ಇಲ್ಲವೇ ಇಲ್ಲ, ಏಕೆಂದರೆ ಯಾರೂ ನೋಡುವುದಿಲ್ಲ.

ಮೈಯಿಂದ ಫಿನಾಯಿಲ್ ವಾಸನೆ ಹೋಗದ್ದರಿಂದ ಹೆಂಗಸರೆಲ್ಲ ಆಕೆಯನ್ನು ಫಿನಾಯಿಲಕ್ಕ ಎನ್ನುತ್ತಾರೆ. ಮೊದಮೊದಲು ಬೆನ್ನ ಹಿಂದೆ ಅನ್ನುತ್ತಿದ್ದರು. ಒಂದು ದಿನ ಆಕೆಯೇ ಸೊಂಟಕ್ಕೆ ಕೈಯಿಟ್ಟು, "ಎದುರಿಗೇ ಕರೀರಮ್ಮ, ಕಳ್ತನ ಯಾಕೆ? ಸೆಂಟು ಹಚ್ಕೊಂಡೋರಿಗಿಂತ ಮುಂಚೆ ನನ್ನ ವಾಸನೆ ಬರುತ್ತೆ" ಎಂದಳಂತೆ. ಅಂದಿನಿಂದ ಅದೇ ಹೆಸರು ನಿಂತಿತು.

ಆಕೆ ಈ ಕಾರ್ಖಾನೆಗೆ ಬಂದದ್ದು ಕಸಬರಿಗೆ ಹಿಡಿಯಲಿಕ್ಕಲ್ಲ. ಇಪ್ಪತ್ತೆರಡರ ವಯಸ್ಸಿನಲ್ಲಿ ತೋಳು ಕೂಡಿಸುವ ಟೈಲರಾಗಿ ಬಂದಳು. ಮಗ ಹುಟ್ಟಿದ ಹತ್ತೊಂಬತ್ತನೇ ದಿನಕ್ಕೆ ಮಿಷನ್ನಿನ ಮುಂದೆ ವಾಪಸು ಕೂತಿದ್ದಳು, ಇಲ್ಲದಿದ್ದರೆ ಜಾಗ ಹೋಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಎದೆ ಕಟ್ಟಿ ಹಾಲು ಸೋರಿ, ಹೊಲಿಯುತ್ತಿದ್ದ ಅಂಗಿಯ ಮೇಲೆ ಬಿತ್ತು. ಆಗಿನ ಸೂಪರ್‌ವೈಸರ್ ಆ ಅಂಗಿಯನ್ನು ಎತ್ತಿ ಹಿಡಿದು ಇಡೀ ಲೈನಿಗೆ, ಮಿಷನ್ನುಗಳ ಆ ಸಾಲಿಗೆಲ್ಲ, ತೋರಿಸಿದ. "ಆವತ್ತು ತಲೆ ಬಗ್ಗಿಸಿದ್ದು ನಾನು. ಬಗ್ಗಿಸ್ಬೇಕಾಗಿದ್ದು ಅವನು. ಅದು ಅರ್ಥ ಆಗೋಕೆ ನಂಗೆ ಇಪ್ಪತ್ತು ವರ್ಷ ಹಿಡೀತು ನೋಡಿ" ಎನ್ನುತ್ತಾಳೆ. ಸೂಜಿಯ ಕಣ್ಣು ಕಾಣದಂತಾದಾಗ ಮಿಷನ್ನಿನಿಂದ ಎಬ್ಬಿಸಿ ಬಕೆಟ್ ಕೊಟ್ಟರು. ಹನ್ನೆರಡು ವರ್ಷವಾಯಿತು.

ಮನೆ ಎಂದರೆ ಎರಡು ಕೋಣೆ. ಲಾರಿ ಓಡಿಸುವ ಮಗ ತಿಂಗಳಲ್ಲಿ ಎಂಟು ದಿನ ಮನೆಯಲ್ಲಿದ್ದರೆ ಹೆಚ್ಚು. ಉಳಿದ ದಿನವೆಲ್ಲ ಅತ್ತೆ ಮತ್ತು ಸೊಸೆಯ ಸಂಸಾರ. ಸೊಸೆ ಪಕ್ಕದ ಬೀದಿಯ ಬೇಕರಿಯಲ್ಲಿ ಬ್ರೆಡ್ ಕಟ್ಟುವ ಕೆಲಸಕ್ಕೆ ಹೋಗುತ್ತಾಳೆ. ಇಬ್ಬರಿಗೂ ಮಾತಿಗೆ ಮಾತು ಬೆಳೆಯದೆ ಚಹಾ ಇಳಿಯುವುದಿಲ್ಲ. "ನಮ್ಮತ್ತೆ ಕಾರ್ಖಾನೇಲಿ ಹನ್ನೊಂದು ತೊಳೀತಾರೆ, ಮನೇದೊಂದು ನನಗೇ ಬಿಟ್ಟಿದಾರೆ" ಎಂದು ಸೊಸೆ ದೂರಿದರೆ, "ನಿನಗೂ ಒಂದು ಕಸುಬು ಗೊತ್ತಿರ್ಲಿ ಅಂತ ಕಣೇ" ಎಂದು ಅತ್ತೆಯ ಉತ್ತರ.

ಒಂದು ಕಾರ್ಖಾನೆಯಲ್ಲಿ ಹೆಂಗಸರು ಹೇಗಿದ್ದಾರೆ ಎಂದು ತಿಳಿಯಬೇಕಾದರೆ ಆಫೀಸಿನಲ್ಲಿ ಕೇಳಿ ಪ್ರಯೋಜನವಿಲ್ಲ. ಶೌಚಾಲಯ ತೊಳೆಯುವವಳನ್ನು ಕೇಳಬೇಕು. ಯಾರು ಬೆಳಿಗ್ಗೆ ಬೆಳಿಗ್ಗೆ ವಾಂತಿ ಮಾಡುತ್ತಾರೆ, ಯಾರು ನಲ್ಲಿ ಜೋರಾಗಿ ಬಿಟ್ಟು ಅದರ ಸದ್ದಿನಲ್ಲಿ ಅಳುತ್ತಾರೆ, ಯಾರ ಮುಟ್ಟು ಎರಡು ತಿಂಗಳಿಂದ ನಿಂತಿದೆ, ಯಾರದ್ದು ನಿಲ್ಲುತ್ತಲೇ ಇಲ್ಲ, ಎಲ್ಲವೂ ಫಿನಾಯಿಲಕ್ಕನಿಗೆ ಗೊತ್ತು. ಗಂಡನಿಗಿಂತ ಮುಂಚೆ, ಕೆಲವೊಮ್ಮೆ ಅವಳಿಗೇ ಖಾತ್ರಿಯಾಗುವ ಮುಂಚೆ ಗೊತ್ತು. ಒಂದು ಲೈನಿಗೆ ಎರಡೇ ಟೋಕನ್. ಸೂಪರ್‌ವೈಸರ್ ಮೇಜಿನ ಮೇಲಿನ ಮೊಳೆಗೆ ನೇತುಹಾಕಿದ ಕೆಂಪು ಬಣ್ಣದ ಮರದ ಬಿಲ್ಲೆ ಅದು. ಅದನ್ನು ಕುತ್ತಿಗೆಗೆ ಹಾಕಿಕೊಂಡವಳು ಮಾತ್ರ ಎದ್ದು ಹೋಗಬಹುದು, ಐದು ನಿಮಿಷದಲ್ಲಿ ವಾಪಸು ಬರಬೇಕು. ಅದಕ್ಕೇ ಎಷ್ಟೋ ಜನ ಬೆಳಗಿನಿಂದ ನೀರೇ ಕುಡಿಯುವುದಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಬಹಳ ವರ್ಷ ಆಕೆ ಬಾಯಿ ಮುಚ್ಚಿಕೊಂಡಿದ್ದಳು. ಅಷ್ಟೇ ಅಲ್ಲ, ಅನ್ಯಾಯದ ತಟ್ಟೆಯನ್ನು ತಾನೇ ಹೊತ್ತಿದ್ದಳು. ಇದನ್ನು ಹೇಳುವಾಗ ಆಕೆ ಕಣ್ಣು ತಪ್ಪಿಸುವುದಿಲ್ಲ.

ಕಾರ್ಖಾನೆಯಲ್ಲಿ ತಿಂಗಳಿಗೊಂದು ಲೈನಿನಂತೆ 'ಶುಗರ್ ತಪಾಸಣೆ' ನಡೆಯುತ್ತಿತ್ತು. ನರ್ಸಮ್ಮ ಒಂದೊಂದು ಪುಟ್ಟ ಬಾಟಲಿ ಕೊಡುತ್ತಾಳೆ, ಹೆಂಗಸರು ಶೌಚಾಲಯಕ್ಕೆ ಹೋಗಿ ಮೂತ್ರ ತುಂಬಿಸಿ ಫಿನಾಯಿಲಕ್ಕನ ತಟ್ಟೆಯಲ್ಲಿಡುತ್ತಾರೆ, ಆಕೆ ತಟ್ಟೆಯನ್ನು ನರ್ಸಮ್ಮನ ಕೋಣೆಗೆ ಮುಟ್ಟಿಸುತ್ತಾಳೆ. ಹೆಸರಿಗೆ ಶುಗರ್. ನಿಜವಾಗಿ ನೋಡುತ್ತಿದ್ದದ್ದು ಯಾರು ಬಸುರಿ ಎಂದು. ಬಸುರಿ ಎಂದು ಗೊತ್ತಾದವಳಿಗೆ ಮೂರು ದಿನದೊಳಗೆ ಆಫೀಸಿನಿಂದ ಕರೆ ಬರುತ್ತಿತ್ತು. ಅಲ್ಲಿ ಮೊದಲೇ ಅಚ್ಚು ಹಾಕಿಟ್ಟ ಕಾಗದ: 'ಮನೆಯ ಕಾರಣದಿಂದ ನಾನಾಗಿಯೇ ಕೆಲಸ ಬಿಡುತ್ತಿದ್ದೇನೆ.' ಸಹಿ ಹಾಕಿದರೆ ಮುಗಿಯಿತು. ಹೆರಿಗೆ ರಜೆ ಕೇಳಲು ಅವಳು ಆ ಕಾರ್ಖಾನೆಯಲ್ಲೇ ಇರುವುದಿಲ್ಲ.

"ಹೋದೋರನ್ನ ಎಣಿಸಿಲ್ಲ ನಾನು. ಎಣಿಸಿದ್ರೆ ನಿದ್ದೆ ಬರ್ತಿರ್ಲಿಲ್ಲ" ಎನ್ನುತ್ತಾಳೆ ಫಿನಾಯಿಲಕ್ಕ. "ತಟ್ಟೆ ಹೊರೋದು ನನ್ನ ಕೆಲ್ಸ, ಒಳಗೇನಾಗುತ್ತೋ ನಂಗ್ಯಾಕೆ ಅಂದ್ಕೊಂಡಿದ್ದೆ."

ಹಾಗಂದುಕೊಳ್ಳುವುದು ನಿಂತದ್ದು ನಾಲ್ಕು ವರ್ಷದ ಹಿಂದೆ, ನಾಲ್ಕನೆಯ ಶೌಚಾಲಯದ ಬಾಗಿಲಲ್ಲಿ. ಐದನೇ ಲೈನಿನ ಹುಡುಗಿಯೊಬ್ಬಳು ತಪಾಸಣೆಯ ಹಿಂದಿನ ದಿನ ಹೆದರಿ, ಯಾರೋ ಕೊಟ್ಟ ಮಾತ್ರೆ ನುಂಗಿ ಬಂದಿದ್ದಳು. ಅವಳಿಗೆ ಆ ಮಗು ಬೇಕಾಗಿತ್ತು. ಕೆಲಸವೂ ಬೇಕಾಗಿತ್ತು. ಟೋಕನ್ನಿನ ಐದು ನಿಮಿಷ ಮುಗಿದು ಅರ್ಧ ಗಂಟೆಯಾದರೂ ಬಾಗಿಲು ತೆರೆಯಲಿಲ್ಲ. ಫಿನಾಯಿಲಕ್ಕ ಬಾಗಿಲು ಮುರಿದು, ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಗೇಟಿಗೆ ಓಡಿದಳು. ಹುಡುಗಿ ಬದುಕಿದಳು. ಆದರೆ ಕಾರ್ಖಾನೆಗೆ ಮತ್ತೆ ಬರಲಿಲ್ಲ.

"ಅವತ್ತು ಆ ನೆಲ ತೊಳ್ದೋಳು ನಾನು. ಏಳು ಬಕೆಟ್ ನೀರು. ಏಳನೇದು ಸುರೀವಾಗ ದೇವ್ರಿಗೆ ಒಂದು ಮಾತು ಹೇಳ್ದೆ. ಬೇಡ್ಲಿಲ್ಲ, ಹೇಳ್ದೆ. ಇನ್ಮೇಲೆ ಈ ತಟ್ಟೇಲಿ ಯಾರ ಹಣೆಬರಾನೂ ನಾನು ಹೊರಲ್ಲ ಅಂತ."

ಮೊದಲು ಆಕೆ ಮಾಡಿದ್ದು ಓದು. ಗೇಟಿನ ಪಕ್ಕ ಗಾಜಿನ ಪೆಟ್ಟಿಗೆಯೊಂದಿದೆ. ಅದರೊಳಗೆ ಕಾರ್ಮಿಕ ಕಾನೂನಿನ ಹಾಳೆಗಳು. ಸಣ್ಣ ಅಕ್ಷರ, ಯಾರೂ ಓದದಿರಲಿ ಎಂದೇ ಅಷ್ಟು ಎತ್ತರದಲ್ಲಿ ಹಾಕಿದ್ದು. ವಾರಕ್ಕೊಮ್ಮೆ ಆ ಗಾಜು ಒರೆಸುವುದು ಫಿನಾಯಿಲಕ್ಕನ ಪಾಲಿನ ಕೆಲಸ. ಐದನೇ ತರಗತಿ ಓದಿದ ಆಕೆ ಕನ್ನಡಕ ಏರಿಸಿಕೊಂಡು, ಸ್ಟೂಲಿನ ಮೇಲೆ ನಿಂತು, ಒಂದು ವಾರಕ್ಕೆ ನಾಲ್ಕು ಸಾಲಿನಂತೆ ಗಾಜು ಒರೆಸಿದಳು. "ವಾಚ್‌ಮನ್ ಕೇಳ್ತಿದ್ದ, ಏನಕ್ಕ ಇಷ್ಟೊತ್ತು ಅಂತ. ಕೊಳೆ ಭಾಳ ಇದೆಯಪ್ಪ ಅಂತಿದ್ದೆ." ಹಾಗೆ ಒರೆಸುತ್ತಾ ಒರೆಸುತ್ತಾ ಕಾನೂನು ಬಾಯಿಪಾಠವಾಯಿತು. ಬಸುರಿ ಎಂಬ ಕಾರಣಕ್ಕೆ ಯಾರನ್ನೂ ತೆಗೆಯುವಂತಿಲ್ಲ. ಹೆರಿಗೆ ರಜೆ ಕೊಡಲೇಬೇಕು. ರಜೆ ಮುಗಿಸಿ ಬಂದವಳಿಗೆ ಅದೇ ಕೆಲಸ ಸಿಗಬೇಕು.

ಎರಡನೆಯದಾಗಿ, ವಾರದ ರಜೆಯ ದಿನಗಳನ್ನು ಸರ್ಕಾರಿ ಆಸ್ಪತ್ರೆಯ ಬೆಂಚಿಗೆ ಕೊಟ್ಟುಬಿಟ್ಟಳು. ಒಂಟಿಯಾಗಿ ಹೋಗಲು ಹೆದರುವ ಹೆಂಗಸರ ಜೊತೆ ಹೋಗಿ ಕೂರುತ್ತಾಳೆ. ಮಗು ಬೇಕು ಎನ್ನುವವಳ ಜೊತೆಗೂ, ಈಗ ಬೇಡ ಎನ್ನುವವಳ ಜೊತೆಗೂ. ಒಮ್ಮೆ ಮೂರು ಮಕ್ಕಳ ತಾಯಿಯೊಬ್ಬಳು ನಾಚಿಕೆಯಿಂದ, "ಅಕ್ಕ, ದೇವ್ರನ್ನ ನಂಬೋರು ನೀವು, ನನ್ನ ಬಗ್ಗೆ ಏನಂದ್ಕೋತೀರೋ" ಎಂದಳಂತೆ. ಫಿನಾಯಿಲಕ್ಕ ಅವಳ ಚೀಟಿ ಕಿತ್ತುಕೊಂಡು ಸಾಲಿನಲ್ಲಿ ತಾನೇ ನಿಂತಳು.

"ಹೊಟ್ಟೆ ಅವಳ್ದು, ಮಾತೂ ಅವಳ್ದು. ನಾನು ಬಾಗಿಲ ಹೊರಗೆ ಕೂತಿರ್ತೀನಿ, ಅಷ್ಟೇ. ಗಂಡ ಒಂದು ಹೇಳ್ತಾನೆ, ಅತ್ತೆ ಒಂದು ಹೇಳ್ತಾಳೆ, ಈ ಕಾರ್ಖಾನೆಯೋರು ಇನ್ನೊಂದು ಹೇಳ್ತಾರೆ. ದೇವ್ರು ಬಸಿರು ಕೊಡೋವಾಗ ಇವರ ಮ್ಯಾನೇಜರ್‌ನ ಕೇಳಿ ಕೊಡ್ತಾನಾ?"

ಇನ್ನು ಬಾಟಲಿಯ ಕಥೆ. ಆ ಪರಿಸರದಲ್ಲಿ ಇದನ್ನು ಹೇಳದ ಹೆಂಗಸಿಲ್ಲ. ಪ್ರತಿ ಬಾಯಲ್ಲೂ ಸ್ವಲ್ಪ ಬಣ್ಣ ಏರುತ್ತದೆ. ಮೂಲ ಹೀಗಿದೆ.

ಎರಡು ವರ್ಷದ ಹಿಂದೆ ಮೂರನೇ ಲೈನಿನ ಸರದಿ ಬಂತು. ನಲವತ್ತೆರಡು ಹೆಂಗಸರ ಲೈನು ಅದು. ಅದರಲ್ಲಿ ಕಾಲರ್ ಕೂಡಿಸುವ ಇಪ್ಪತ್ಮೂರರ ಹುಡುಗಿಯೊಬ್ಬಳಿದ್ದಳು. ಲೈನಿನವರ ಬಾಯಲ್ಲಿ ಅವಳು 'ಕಾಲರ್'. ಮದುವೆಯಾಗಿ ಐದು ವರ್ಷದ ಮೇಲೆ ಬಸುರಿಯಾಗಿದ್ದಳು, ಮೂರು ತಿಂಗಳು. ಕಟ್ಟಡ ಕೆಲಸದಲ್ಲಿ ಬಿದ್ದು ಕಾಲು ಮುರಿದುಕೊಂಡ ಗಂಡ ಮನೆಯಲ್ಲಿದ್ದ. ಅವಳ ಕೆಲಸ ಹೋದರೆ ಮನೆಯ ಒಲೆ ಆರುತ್ತಿತ್ತು. ಕೆಲಸ ಉಳಿಸಿಕೊಳ್ಳಬೇಕಾದರೆ ಐದನೇ ಲೈನಿನ ಹುಡುಗಿಯ ದಾರಿ ಹಿಡಿಯಬೇಕಿತ್ತು. ತಪಾಸಣೆಗೆ ಎರಡು ದಿನವಿರುವಾಗ ಅವಳು ಶೌಚಾಲಯದಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದದ್ದು ಫಿನಾಯಿಲಕ್ಕನಿಗೆ ಕೇಳಿಸಿತು.

"ನಲ್ಲಿ ನಿಲ್ಸು. ನೀರು ಹೊತ್ತು ತರೋಳು ನಾನು" ಎಂದಳು ಹೊರಗಿನಿಂದ. "ಮಗು ಬೇಕಾ, ಬೇಡ್ವಾ? ಅದಷ್ಟು ಹೇಳು."

"ಬೇಕಕ್ಕ."

"ಹಾಗಾದ್ರೆ ಎದ್ದು ಮುಖ ತೊಳ್ಕೊಂಡು ಹೋಗು. ಯಾವ ಮಾತ್ರೇನೂ ಮುಟ್ಬೇಡ."

ಕಾಲರ್‌ನ ಬಾಟಲಿಯೊಂದನ್ನೇ ಬದಲಾಯಿಸುವುದು ಸುಲಭವಿತ್ತು. ಫಿನಾಯಿಲಕ್ಕ ಒಪ್ಪಲಿಲ್ಲ. "ಒಬ್ಬಳ್ದು ಬದ್ಲಾಯಿಸಿದ್ರೆ ಅವಳು ಕಳ್ಳಿ. ಎಲ್ಲರ್ದೂ ಬದ್ಲಾಯಿಸಿದ್ರೆ ಯಾರಮ್ಮ ಕಳ್ಳಿ?" ಎಂದಳು. ಆ ಲೈನಿನಲ್ಲಿ ಇನ್ನಿಬ್ಬರು ಬಸುರಿಯರಿರುವುದೂ ಆಕೆಗೆ ಗೊತ್ತಿತ್ತು, ಅವರು ಯಾರಿಗೂ ಹೇಳಿರಲಿಲ್ಲ. ಮಾತು ಊಟದ ಬಿಡುವಿನಲ್ಲಿ ಒಂದು ಡಬ್ಬಿಯಿಂದ ಇನ್ನೊಂದು ಡಬ್ಬಿಗೆ ದಾಟಿತು. ನಲವತ್ತೆರಡು ಬಾಯಿ, ಒಂದು ಗುಟ್ಟು. ಉಳಿಯುತ್ತದೆಂದು ಯಾರಿಗೂ ನಂಬಿಕೆಯಿರಲಿಲ್ಲ. ಉಳಿಯಿತು.

ತಪಾಸಣೆಯ ದಿನ ಫಿನಾಯಿಲಕ್ಕ ಮನೆಯಿಂದಲೇ ನಾಲ್ಕು ಚೊಂಬು ನೀರು ಕುಡಿದು ಬಂದಿದ್ದಳು. ಬೆಳಗಿನ ಏಳಕ್ಕೆಲ್ಲ ಒರೆಸುವ ಬಟ್ಟೆಯ ಕಪಾಟಿನಲ್ಲಿ ಒಂದು ಪ್ಲಾಸ್ಟಿಕ್ ಜಗ್ಗು ತುಂಬಿ ಸಿದ್ಧವಾಗಿತ್ತು. ಮುಟ್ಟು ನಿಂತು ಆರು ವರ್ಷವಾದ ಹೆಂಗಸಿನ ಮೂತ್ರದಲ್ಲಿ ಯಾವ ಬಸಿರು ಸಿಕ್ಕೀತು? ಹೆಂಗಸರು ಖಾಲಿ ಬಾಟಲಿ ಹಿಡಿದು ಒಬ್ಬೊಬ್ಬರಾಗಿ ಒಳಗೆ ಹೋದರು, ಆಕೆ ಬೆರಳಿನ ಒಂದು ಗೆಣ್ಣಿನಷ್ಟು ಸುರಿದಳು, ಅವರು ಗಂಭೀರ ಮುಖ ಮಾಡಿಕೊಂಡು ಹೊರಗೆ ಬಂದರು. ಲೈನಿನಲ್ಲಿ ಎಲ್ಲರಿಗಿಂತ ಹಿರಿಯಳು, ಗುಂಡಿಯ ಕಾಜಾ ಹಾಕುವ ಹೆಂಗಸು, ಎಲ್ಲರಿಗೂ 'ಕಾಜಾ ಅತ್ತೆ'. ಅವಳು ಮಾತ್ರ ಬಾಟಲಿಯನ್ನು ಬೆಳಕಿಗೆ ಹಿಡಿದು, "ನಂಗೆ ಸ್ವಲ್ಪ ಜಾಸ್ತಿ ಹಾಕೇ, ಅಳತೇಲಿ ಮೋಸ ಮಾಡ್ಬೇಡ" ಎಂದು ಗದರಿದಳಂತೆ.

ಎಲ್ಲ ಸರಿಯಿತ್ತು. ಫಿನಾಯಿಲಕ್ಕ ಮಾಡಿದ ತಪ್ಪು ಒಂದೇ. ತನ್ನ ಮೈ ಬಂಡೆಗಲ್ಲು ಎಂದು ನಂಬಿದ್ದಳು.

ಮಾಮೂಲಿಯಾಗಿ ನರ್ಸಮ್ಮ ಬಸಿರು ತೋರಿಸುವ ಕಾಗದದ ಪಟ್ಟಿ ಮಾತ್ರ ಅದ್ದಿ ನೋಡಿ, ಶುಗರ್ ಕಾಲಮಿನಲ್ಲಿ ಎಲ್ಲರಿಗೂ 'ಇಲ್ಲ' ಎಂದು ಗೀಚುತ್ತಿದ್ದಳು. ಆ ತಿಂಗಳು ಹಾಗಾಗಲಿಲ್ಲ. ಬಟ್ಟೆ ಕೊಳ್ಳುವ ಕಂಪನಿಯಿಂದ ತನಿಖೆಗೆ ಒಬ್ಬ ಮೇಡಂ ತಪಾಸಣೆಯ ದಿನವೇ ಬಂದು ಎರಡು ವಾರ ಇರುವವರಿದ್ದರು. ಶುಗರ್ ತಪಾಸಣೆ ಎಂದ ಮೇಲೆ ರಿಜಿಸ್ಟರಿನಲ್ಲಿ ಶುಗರ್ ಇರಬೇಕಲ್ಲ? ಈ ಸಲ ನಿಜವಾಗಿಯೂ ನೋಡಿ, ಕಂಡದ್ದನ್ನು ಬರೆ ಎಂದು ಆಫೀಸಿನಿಂದ ಅಪ್ಪಣೆಯಾಯಿತು. ನರ್ಸಮ್ಮ ಶುಗರಿನ ಪಟ್ಟಿ ಅದ್ದಿದಳು. ಒಂದನೆಯ ಬಾಟಲಿ: ಶುಗರ್ ಇದೆ, ಜೋರಾಗಿದೆ. ಎರಡನೆಯದು: ಇದೆ. ಮೂರು, ನಾಲ್ಕು, ಐದು, ಎಲ್ಲವೂ ಅದೇ ಕಂದು ಬಣ್ಣ.

ಆ ನರ್ಸಮ್ಮ ಈಗ ಬೇರೆ ಕಡೆ ಕೆಲಸದಲ್ಲಿದ್ದಾಳೆ. ನೆನಪು ಮಾಡಿಕೊಂಡು ಈಗಲೂ ನಗುತ್ತಾಳೆ. "ಐದನೇ ಬಾಟಲಿಗೇ ಗೊತ್ತಾಯ್ತು, ಎಲ್ಲಾ ಒಬ್ಬರದ್ದೇ ಅಂತ. ಪೆನ್ನು ಕೆಳಗಿಟ್ಟೆ. ಎಷ್ಟು ಜನರನ್ನ ಈ ಪೆನ್ನು ಮನೆಗೆ ಕಳಿಸಿದೆ ಅಂತ ಯೋಚ್ನೆ ಬಂತು. ಕಂಡದ್ದನ್ನ ಬರೆ ಅಂದಿದ್ರಲ್ಲ? ಆರನೇದೂ ಬರೆದೆ. ನಲವತ್ತೆರಡೂ ಬರೆದೆ." ಬಸಿರಿನ ಕಾಲಮಿನಲ್ಲಿ ನಲವತ್ತೆರಡು ಸಲ 'ಇಲ್ಲ'. ಶುಗರ್ ಕಾಲಮಿನಲ್ಲಿ ನಲವತ್ತೆರಡು ಸಲ 'ಇದೆ'. ಬಸಿರಿನ ಹಾಳೆ ಎಂದಿನಂತೆ ಗುಟ್ಟಾಗಿ ಆಫೀಸಿಗೆ ಹೋಯಿತು. ಶುಗರಿನ ಹಾಳೆ ಆಫೀಸಿನ ಸಾಹೇಬರು ಕಣ್ಣು ಹಾಯಿಸುವ ಮುಂಚೆಯೇ ತನಿಖೆಯ ಮೇಡಂ ಕಡತ ಸೇರಿತು.

ಸಂಜೆ ತಟ್ಟೆ ತೊಳೆಯಲು ಹೋದ ಫಿನಾಯಿಲಕ್ಕನಿಗೆ ನರ್ಸಮ್ಮ ತಗ್ಗಿದ ದನಿಯಲ್ಲಿ ಹೇಳಿದಳು: "ಅಕ್ಕ, ಇದು ಯಾರದ್ದು ಅಂತ ನಾನು ಕೇಳಲ್ಲ. ಯಾರದ್ದೇ ಆಗ್ಲಿ, ಅವರು ಬೇಗ ಡಾಕ್ಟರ್ ಹತ್ರ ಹೋಗ್ಬೇಕು. ಶುಗರ್ ವಿಪರೀತ ಇದೆ."

ಕೆಲವು ತಿಂಗಳಿಂದ ಯಾಕಿಷ್ಟು ಬಾಯಾರಿಕೆ, ಬೂಟಿನೊಳಗಿನ ಗಾಯ ಯಾಕೆ ಮಾಯುತ್ತಿಲ್ಲ ಎಂಬುದು ಫಿನಾಯಿಲಕ್ಕನಿಗೆ ಆಗ ತಿಳಿಯಿತು. ತನ್ನ ಕಾಯಿಲೆಯ ಸುದ್ದಿ ನಲವತ್ತೆರಡು ಜನರ ಹೆಸರಿನಲ್ಲಿ ಬಂದಿತ್ತು.

ಮರುದಿನ ಬೆಳಿಗ್ಗೆ ಸಾಹೇಬರು ಮೂರನೇ ಲೈನಿನ ಮಿಷನ್ನುಗಳನ್ನು ನಿಲ್ಲಿಸಿದರು. ಕೈಯಲ್ಲಿ ರಿಜಿಸ್ಟರು, ಮುಖ ಕೆಂಪು.

"ನಲವತ್ತೆರಡು ಜನಕ್ಕೂ ಶುಗರ್ರಾ? ಹತ್ತೊಂಬತ್ತು ವರ್ಷದ ಹುಡುಗೀರಿಗೂ?"

"ಏನ್ಮಾಡೋದು ಸರ್, ನೀವು ನಮ್ಮತ್ರ ಮಾತಾಡೋದೇ ಅಷ್ಟು ಸಿಹಿಯಾಗಿ" ಎಂದಳು ಕಾಜಾ ಅತ್ತೆ.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸಾಹೇಬರು ಮೇಜು ಕುಟ್ಟಿದರು. "ತಮಾಷೆ ಸಾಕು. ಎಲ್ಲರೂ ಈಗ್ಲೇ ಇನ್ನೊಂದು ಸಲ ಬಾಟಲಿ ಕೊಡ್ಬೇಕು. ನರ್ಸ್ ಎದುರಿಗೇ."

ಆಗ ಎದ್ದು ನಿಂತವಳು ಕಾಲರ್. ಮಾತು ನಡುಗಲಿಲ್ಲವೆಂದು ನೋಡಿದವರು ಹೇಳುತ್ತಾರೆ. "ಸರ್, ನೋಡ್ಬೇಕಾಗಿರೋದು ಶುಗರ್ ತಾನೇ? ಅದನ್ನ ಬೆರಳು ಚುಚ್ಚಿ ನೋಡ್ತಾರೆ. ತಗೊಳ್ಳಿ ಬೆರಳು." ಬಲಗೈ ಮುಂದೆ ಚಾಚಿದಳು. ಅವಳ ಪಕ್ಕದವಳೂ ಚಾಚಿದಳು. ನೋಡುನೋಡುತ್ತ ಇಡೀ ಲೈನಿನ ಕೈಗಳು ಮಿಷನ್ನುಗಳ ಮೇಲೆ ಚಾಚಿಕೊಂಡವು. ಸೂಜಿ ಹೊಕ್ಕು ಹೊಕ್ಕು ಗಟ್ಟಿಯಾದ ಬೆರಳುಗಳು ಅವು. ಇನ್ನೊಂದು ಚುಚ್ಚಿಗೆ ಹೆದರುವವಲ್ಲ. "ಬಾಟಲೀನೇ ಬೇಕು ಅಂದ್ರೆ ಯಾಕೆ ಬೇಕು ಅಂತ ಹೇಳಿ ಸರ್. ಕಾರಣ ಹೇಳಿ, ಈಗ್ಲೇ ಕೊಡ್ತೀವಿ."

ಕಾರಣ ಸಾಹೇಬರ ಗಂಟಲಲ್ಲೇ ಇತ್ತು, ಹೊರಗೆ ಬರುವಂತಿರಲಿಲ್ಲ. ಗಾಜಿನ ಗೋಡೆಯಾಚೆ ತನಿಖೆಯ ಮೇಡಂ ಕುಳಿತಿದ್ದರು. ಸಾಹೇಬರ ಕಣ್ಣು ಸುತ್ತಾಡಿ, ಬಾಗಿಲ ಬಳಿ ನೆಲ ಒರೆಸುವ ಕೋಲು ಹಿಡಿದು ನಿಂತಿದ್ದ ಫಿನಾಯಿಲಕ್ಕನ ಮೇಲೆ ಬಿತ್ತು.

"ತಟ್ಟೆ ತಂದೋಳು ನೀನಲ್ವೇನಮ್ಮ? ಇದೆಲ್ಲ ಯಾರದ್ದು?"

"ನಂದು ಸರ್."

"ಎಲ್ಲಾನೂ?"

"ನಲವತ್ತೆರಡೂ. ಟೈಮಿಗೆ ಮುಂಚೆನೇ ಟಾರ್ಗೆಟ್ ಮುಗ್ಸಿದೀನಿ. ಒಂದು ಪೀಸೂ ರಿಜೆಕ್ಟಿಲ್ಲ."

ಈ ಸಲ ನಗು ಒಂದು ಮೂಲೆಯಿಂದ ಬರಲಿಲ್ಲ, ಇಡೀ ಶೆಡ್ಡಿನಿಂದ ಬಂತು. ಸಾಹೇಬರು, "ನಿನ್ನ ಕೆಲ್ಸ ಹೋಯ್ತು ಅಂದ್ಕೋ" ಎಂದರು. ಫಿನಾಯಿಲಕ್ಕ ಕೋಲನ್ನು ಗೋಡೆಗೊರಗಿಸಿ ಮುಂದೆ ಬಂದಳು.

"ಆಗ್ಲಿ ಸರ್. ಬರ್ದು ಕೊಡಿ. ಯಾಕೆ ತೆಗೆದ್ರಿ ಅಂತಾನೂ ಬರೀರಿ. ಬಸುರಿಯರನ್ನ ಹಿಡಿಯೋ ಪರೀಕ್ಷೆ ಕೆಡಿಸಿದ್ಲು ಅಂತ ಬರೀರಿ. ಕೆಳಗೆ ನಿಮ್ಮ ಸಹಿ, ಸೀಲು. ಅಂಥ ಕಾಗದ ಹಾಕೋಕೆ ಗಾಜಿನ ಪೆಟ್ಟಿಗೇಲಿ ಜಾಗ ಇದೆ, ನಾನೇ ಒರೆಸ್ತೀನಲ್ಲ, ನಂಗೊತ್ತು."

ಸಾಹೇಬರ ಪೆನ್ನು ಜೇಬಿನಿಂದ ಹೊರಬರಲಿಲ್ಲ. ಮಾತಿನಲ್ಲಿ ಮಾತ್ರ, "ನಾಳೆಯಿಂದ ಬರ್ಬೇಡ" ಎಂದು ಹೇಳಿ ಹೊರಟುಹೋದರು.

ಆ ದಿನ ಮನೆಯಲ್ಲಿ ಸೊಸೆ ಎರಡು ಸುದ್ದಿಯನ್ನೂ ಒಟ್ಟಿಗೆ ಕೇಳಿಸಿಕೊಂಡಳು: ಅತ್ತೆಯ ಕೆಲಸ ಹೋಗಿದೆ, ಅತ್ತೆಗೆ ಶುಗರ್ ಬಂದಿದೆ. ಎದ್ದು ಹೋಗಿ ಸಕ್ಕರೆ ಡಬ್ಬ ಎತ್ತಿ ತನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ಆಮೇಲೆ, "ನಾಳೆ ಎಷ್ಟೊತ್ತಿಗೆ ಹೋಗ್ತೀರಿ ಗೇಟಿಗೆ?" ಎಂದು ಕೇಳಿದಳು.

"ಬರ್ಬೇಡ ಅಂದಿದಾರೆ ಕಣೇ."

"ಕಾಗದ ಕೊಟ್ರಾ?"

"ಇಲ್ಲ."

"ಮತ್ತೆ? ಡಬ್ಬಿ ಕಟ್ತೀನಿ, ಹೋಗಿ."

ಹೀಗೆ ಒಂಬತ್ತು ದಿನ. ಪ್ರತಿದಿನ ಆರಕ್ಕೆ ಹತ್ತು ನಿಮಿಷವಿರುವಾಗ ಫಿನಾಯಿಲಕ್ಕ ಗೇಟಿನ ಮುಂದೆ ಹಾಜರು. ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂರುತ್ತಿದ್ದಳು. ವಾಚ್‌ಮನ್ ಒಳಗೆ ಬಿಡುವಂತಿಲ್ಲ, ಓಡಿಸುವುದಕ್ಕೂ ಮನಸ್ಸಿಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚುವ ಮುನ್ನ ಕಣ್ಣು ಮುಚ್ಚಿ ಕೂತಿದ್ದಾಗ ಅವನು ಕೇಳಿದನಂತೆ, "ಸಾಹೇಬ್ರ ಮನಸ್ಸು ಕರಗ್ಲಿ ಅಂತ ಬೇಡ್ಕೋತಿದೀಯಾ ಅಕ್ಕ?"

"ಇಲ್ಲಪ್ಪ, ನಂದು ಕರಗ್ದೇ ಇರ್ಲಿ ಅಂತ."

ಒಳಗೆ ಮೂರನೇ ಲೈನು ತನ್ನ ಕೆಲಸ ಶುರುಮಾಡಿತ್ತು. ಕೂಗಿಲ್ಲ, ಮುಷ್ಕರವಿಲ್ಲ. ಮೊದಲ ದಿನ ಒಂಬತ್ತು ಗಂಟೆಗೆ ಕಾಜಾ ಅತ್ತೆ ಎದ್ದು ನಿಂತು ಟೋಕನ್ ಕೇಳಿದಳು. ಅವಳ ಹಿಂದೆ ಕಾಲರ್. ಅವಳ ಹಿಂದೆ ಮಿಕ್ಕ ನಲವತ್ತು ಜನ.

"ಏನಿದು? ಇರೋದೇ ಎರಡು ಟೋಕನ್" ಎಂದ ಸೂಪರ್‌ವೈಸರ್.

"ಶುಗರ್ ಸರ್. ಶುಗರ್ ಇದ್ದೋರಿಗೆ ತಡ್ಕೊಳಕ್ಕಾಗಲ್ಲ. ರಿಜಿಸ್ಟರಲ್ಲಿದೆ ನೋಡಿ."

ಗಂಟೆಗೊಮ್ಮೆ ಇದೇ ಸಾಲು, ಇದೇ ಮಾತು. ರಿಜಿಸ್ಟರು ಸುಳ್ಳು ಎಂದು ತಿದ್ದಬೇಕಾದರೆ ಅದು ಹೇಗೆ ಸುಳ್ಳಾಯಿತು, ಬಾಟಲಿ ಯಾಕೆ ಬದಲಾದವು ಎಂದೂ ಬರೆಯಬೇಕು. ಅದನ್ನು ಬರೆಯುವ ಧೈರ್ಯ ಆಫೀಸಿನಲ್ಲಿ ಯಾರಿಗೂ ಇರಲಿಲ್ಲ. ನಿಜವೆಂದು ಒಪ್ಪಿದರೆ ನಲವತ್ತೆರಡು ರೋಗಿಗಳನ್ನು ಎರಡು ಬಿಲ್ಲೆಗೆ ಕಟ್ಟಿಹಾಕಿದ್ದು ಯಾಕೆಂದು ತನಿಖೆಯ ಮೇಡಂ ಕೇಳುತ್ತಾರೆ. ತಾವೇ ಹೆಣೆದ ನೆಪದ ಬಲೆಯಲ್ಲಿ ತಾವೇ ಕಾಲು ಸಿಕ್ಕಿಸಿಕೊಂಡು ಕುಳಿತಿದ್ದರು. ಅಂಗಿಗಳು ಅರ್ಧ ಕಾಲರಿನಲ್ಲಿ, ಕಾಜಾ ಇಲ್ಲದೆ ರಾಶಿ ಬಿದ್ದವು. ಇತ್ತ ಹನ್ನೊಂದು ಶೌಚಾಲಯಗಳನ್ನು ತೊಳೆಯುವವರಿಲ್ಲ. ಅರವತ್ತು ಹೆಜ್ಜೆಯಿಂದ ನೀರು ಹೊರಲು ಹೊಸದಾಗಿ ಬಂದವರು ಒಂದು ದಿನಕ್ಕೇ ಕೈಯೆತ್ತಿದರು. ಐದನೇ ದಿನ ವಾಸನೆ ಲೈನಿಗೆ ಬಂತು. ಏಳನೇ ದಿನ ಮೆಟ್ಟಿಲು ಹತ್ತಿ ಆಫೀಸಿಗೂ ಹೋಯಿತು.

ಎಂಟನೇ ದಿನ ಕಾಲರ್ ಹೆರಿಗೆ ರಜೆಯ ಅರ್ಜಿಯನ್ನು ಕೈಯಾರೆ ಬರೆದು, ಎರಡು ಪ್ರತಿ ಮಾಡಿ, ಒಂದನ್ನು ಸಾಹೇಬರಿಗೂ ಇನ್ನೊಂದನ್ನು ತನಿಖೆಯ ಮೇಡಂಗೂ ಕೊಟ್ಟಳು. ಕದ್ದುಮುಚ್ಚಿ ಅಲ್ಲ, ಲೈನಿನ ನಡುವೆ ನಡೆದು ಹೋಗಿ ಕೊಟ್ಟಳು. 'ನಾನು ಬಸುರಿ' ಎಂಬುದೇ ಮೊದಲ ಸಾಲು. ಒಂಬತ್ತನೇ ದಿನ ಅರ್ಜಿಗೆ ಸಹಿ ಬಿತ್ತು. ಅದೇ ಬೆಳಿಗ್ಗೆ ವಾಚ್‌ಮನ್ ಗೇಟು ತೆಗೆದು, "ಒಳಗೆ ಹೋಗಕ್ಕ, ಕರೀತಿದಾರೆ" ಎಂದ. ಫಿನಾಯಿಲಕ್ಕ ಆಫೀಸಿಗೆ ಹೋಗಲಿಲ್ಲ. ಬಕೆಟ್ ಎತ್ತಿಕೊಂಡು ನೇರ ಟ್ಯಾಂಕಿನ ಕಡೆ ಹೋದಳು.

ಬಾಟಲಿ ಅಲ್ಲಿಗೆ ನಿಂತಿತು. ಮೂರನೇ ಲೈನಿನ ಟೋಕನ್ ಮೊಳೆಯನ್ನು ಕಾಜಾ ಅತ್ತೆ ಕತ್ತರಿಯ ಹಿಡಿಯಿಂದ 'ಅಕಸ್ಮಾತ್ತಾಗಿ' ಕಿತ್ತಳು, ಯಾರೂ ಮತ್ತೆ ಹೊಡೆಯಲಿಲ್ಲ. ಉಳಿದ ಲೈನುಗಳಲ್ಲಿ ಟೋಕನ್ ಇನ್ನೂ ನೇತಾಡುತ್ತಿದೆ. ಗೆದ್ದದ್ದು ಇಷ್ಟೇ, ಆಕೆಗೆ ಅದು ಚೆನ್ನಾಗಿ ಗೊತ್ತು. ಆದರೆ ಕಾಲರ್ ಹೆಣ್ಣು ಹೆತ್ತು, ರಜೆ ಮುಗಿಸಿ, ಅದೇ ಮಿಷನ್ನಿಗೆ ವಾಪಸು ಬಂದಿದ್ದಾಳೆ. ಈ ಕಾರ್ಖಾನೆಯಲ್ಲಿ ಹಾಗೆ ಬಂದ ಮೊದಲ ಹೆಂಗಸು ಅವಳು. ಅವಳ ಹಿಂದೆ ಇನ್ನಿಬ್ಬರು ಬಂದರು. ಈಗ ನಾಲ್ಕನೇ ಲೈನಿನ ಒಬ್ಬಳು ಏಳು ತಿಂಗಳ ಹೊಟ್ಟೆ ಹೊತ್ತು, ಯಾರಿಗೂ ಮರೆಮಾಚದೆ, ಬೆನ್ನಿಗೆ ದಿಂಬಿಟ್ಟುಕೊಂಡು ಹೊಲಿಯುತ್ತಿದ್ದಾಳೆ. "ಬಾಟಲಿ ಶುರುವಾದ್ಮೇಲೆ ಕಾಲರ್‌ಗಿಂತ ಮುಂಚೆ ಹೊಟ್ಟೆ ಕಾಣೋ ಹಾಗೆ ಒಬ್ಬಳು ಈ ಶೆಡ್ಡಲ್ಲಿ ಓಡಾಡಿದ್ದನ್ನ ನಾನು ನೋಡಿರ್ಲೇ ಇಲ್ಲ. ಅವಳು ಬಂದಾಗ ನೆಲ ಒರ್ಸೋದು ನಿಲ್ಸಿ ನೋಡ್ತಾ ನಿಂತ್ಕೋತೀನಿ" ಎನ್ನುತ್ತಾಳೆ ಫಿನಾಯಿಲಕ್ಕ.

ಈಗೊಂದು ಗಾಳಿಸುದ್ದಿ ಹರಿದಾಡುತ್ತಿದೆ. ಹಳೆಯ ಸಾಹೇಬರು ಹೋಗಿ ಹೊಸಬರು ಬಂದಿದ್ದಾರೆ; ಅವರು 'ಆರೋಗ್ಯ ಯೋಜನೆ' ಎಂಬ ಹೊಸ ಹೆಸರಿನಲ್ಲಿ ಬಾಟಲಿಯನ್ನು ಮತ್ತೆ ತರುತ್ತಾರಂತೆ, ಈ ಸಲ ಎಲ್ಲ ಲೈನಿಗೂ ಒಂದೇ ದಿನವಂತೆ. ಊಟದ ಬಿಡುವಿನಲ್ಲಿ ಹೆಂಗಸರು ಗೋಡೆಯ ನೆರಳಿಗೆ ಕೂತು ಅದನ್ನೇ ಮಾತಾಡುತ್ತಿದ್ದಾರೆ. ಒಂದನೇ ಲೈನಿನ ಹೊಸ ಹುಡುಗಿಯೊಬ್ಬಳು ಡಬ್ಬಿಯ ಮುಚ್ಚಳ ತೆಗೆಯದೆ ಫಿನಾಯಿಲಕ್ಕನ ಮುಖವನ್ನೇ ನೋಡುತ್ತಾಳೆ. ಬಾಯಿಬಿಟ್ಟು ಹೇಳಿಲ್ಲ, ಆದರೆ ಆಕೆಗೆ ಗೊತ್ತು. ಮೂರು ದಿನದಿಂದ ಬೆಳಿಗ್ಗೆ ಏಳನೇ ಬಾಗಿಲ ಹಿಂದಿನ ವಾಂತಿಯ ಸದ್ದು ಕೇಳುತ್ತಿದ್ದಾಳೆ.

"ಮತ್ತೆ ಬಾಟಲಿ ತಂದ್ರೆ ಏನಕ್ಕ ಮಾಡೋದು?" ಎನ್ನುತ್ತಾಳೆ ಹುಡುಗಿ.

ಫಿನಾಯಿಲಕ್ಕ ಸೊಸೆ ಕಟ್ಟಿಕೊಟ್ಟ ಮಾತ್ರೆಯನ್ನು ನಾಲಿಗೆಯ ಮೇಲಿಟ್ಟು, ಚೊಂಬಿನ ನೀರನ್ನು ಗಟಗಟ ಕುಡಿದು, ಬಾಯಿ ಒರೆಸಿಕೊಳ್ಳುತ್ತಾಳೆ.

"ತರ್ಲಿ ಬಿಡು. ನನ್ನ ಶುಗರ್ ಈಗ ಕಂಟ್ರೋಲಲ್ಲಿದೆ. ಈ ಸಲ ಆರುನೂರ ನಲವತ್ತು ಜನಾನೂ ಪಾಸು."